ಬಾಗಿಲಿಗೆ ಒರಗಿದ ಪೊರಕೆ

ಫೆಬ್ರವರಿ 8, ಶನಿವಾರ

ಹೊರಗೆ ಮೈನಸ್ ಹನ್ನೊಂದು. ಐದು ತಿಂಗಳ ಮಗಳು ಹಿಲ್ಲಾ ಮುಂದಿನ ಜಗಲಿಯಲ್ಲಿ ತನ್ನ ತಳ್ಳುಗಾಡಿಯೊಳಗೆ, ಕುರಿಚರ್ಮದ ಚೀಲದಲ್ಲಿ ಮಲಗಿದ್ದಾಳೆ. ಇಲ್ಲಿ ಮಕ್ಕಳನ್ನು ಹಗಲು ಹೊರಗೆ ಮಲಗಿಸುವುದೇ ವಾಡಿಕೆ. ಕಣ್ಣು ಮುಚ್ಚಿದ್ದು ಹನ್ನೊಂದು ಇಪ್ಪತ್ತಕ್ಕೆ. ಈಗ ಹನ್ನೆರಡು. ಇಷ್ಟರಲ್ಲಿ ಏಳು ಸಲ ಹೋಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ ಬಂದೆ.

ಎಂಟನೆಯ ಸಲ ಎದ್ದಾಗ ಅತ್ತೆ ರೌನಿ ಹೆಣಿಗೆಯಿಂದ ತಲೆ ಎತ್ತದೆಯೇ, "ಬಾಗಿಲು ತೆಗೆದೂ ಮುಚ್ಚೀ ಇಡೀ ಸರೋವರಾನ ಒಳಗೆ ತಂದ್ಯಲ್ಲ" ಎಂದರು. ಆರೋಗ್ಯ ಕೇಂದ್ರದವರು ಕೊಟ್ಟ ಚೀಟಿಯಲ್ಲಿ ಮೈನಸ್ ಹತ್ತರವರೆಗೆ ಮಾತ್ರ ಹೊರಗೆ ಮಲಗಿಸಿ ಎಂದಿದೆ, ಈಗ ಹನ್ನೊಂದಾಗಿದೆ ಎಂದೆ.

"ಒಂದು ಡಿಗ್ರಿಗೆ ಮಗು ಬಿರುಕು ಬಿಡಲ್ಲ. ನಿನ್ನ ಗಂಡ ಮೈನಸ್ ಇಪ್ಪತ್ತರಲ್ಲಿ ಹೊರಗೆ ಮಲಗಿ ಬೆಳೆದೋನು."

"ಅವನಿಗೇನೂ ಆಗ್ಲಿಲ್ವಾ?"

"ಬುದ್ಧಿ ಸ್ವಲ್ಪ ಹೆಪ್ಪುಗಟ್ತು. ಅದು ಅವರಪ್ಪನ ಕಡೆಯಿಂದ ಬಂದಿದ್ದೂ ಇರಬಹುದು."

ಪಕ್ಕದಲ್ಲೇ ಕೂತಿದ್ದ ನನ್ನ ಗಂಡ ಒಸ್ಸಿ ನಕ್ಕ. ಇದು ನಗುವ ಮಾತು ಎಂದು ನನಗೆ ಹೊಳೆಯುವಷ್ಟರಲ್ಲಿ ಅವರಿಬ್ಬರೂ ಬೇರೆ ಮಾತಿಗೆ ಹೋಗಿದ್ದರು.

ಮಗು ಮಲಗಿದಾಗ ನೀನೂ ಮಲಗು ಎಂದು ಎಲ್ಲರೂ ಹೇಳುತ್ತಾರೆ: ನರ್ಸ್, ಒಸ್ಸಿ, ಕೆಮಿಯ ನಮ್ಮ ಮನೆಯ ಮೇಲಿನ ಮಹಡಿಯ ಹೆಂಗಸು. ಜನವರಿ ಹತ್ತೊಂಬತ್ತರ ಮಧ್ಯಾಹ್ನ ನಾನು ಹಾಗೆಯೇ ಮಾಡಿದೆ. ಮಾಡಿದೆ ಎಂದರೆ, ಸೋಫಾದ ಮೇಲೆ ಹಾಲೂಡಿಸುತ್ತ ಕೂತಿದ್ದವಳಿಗೆ ಕಣ್ಣು ಮುಚ್ಚಿಹೋಯಿತು. ಹಿಲ್ಲಾ ತೊಡೆಯಿಂದ ಜಾರಿ ಜಮಖಾನದ ಮೇಲೆ ಬಿದ್ದಳು. ವೈದ್ಯರು ನೋಡಿ ಏನೂ ಆಗಿಲ್ಲ ಎಂದರು. ಆಗಿಲ್ಲ, ಸರಿ. ಆದರೆ ಏನೇನು ಆಗಬಹುದಿತ್ತು ಎನ್ನುವುದರ ಲೆಕ್ಕ ನನಗೆ ಬರುತ್ತದೆ. ಐದು ವರ್ಷ ಸಂಖ್ಯಾಶಾಸ್ತ್ರ ಓದಿದ್ದು ಇದಕ್ಕೇ ಇರಬೇಕು. ಕೈ ಆಡುತ್ತಿದ್ದರೆ ಕಣ್ಣು ಮುಚ್ಚುವುದಿಲ್ಲ ಎಂದು ಅಂದಿನಿಂದ ಕಂಡುಕೊಂಡಿದ್ದೇನೆ. ಈ ನೋಟುಬುಕ್ಕು ಅದಕ್ಕೇ.

ಮಾರ್ಚ್ ಒಂದರಿಂದ ಒಸ್ಸಿಗೆ ಎರಡೆರಡು ವಾರ ಹೊರಗಿನ ಕೆಲಸ. ಸರೋವರದ ದಡದ ಈ ರಜೆಮನೆಗೆ ಬರುವಾಗ ಕಾರಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕೂತಿದ್ದಾಗ, ಕನ್ನಡಿಯಲ್ಲಿ ನೋಡುತ್ತ ಹೇಳಿದ: "ಅಮ್ಮ ಎರಡು ವಾರ ಜೊತೇಲಿರ್ತಾಳೆ, ನೋಡ್ತಾಳೆ. ನೀನು ಮಗೂನ ಒಬ್ಳೇ ನಿಭಾಯಿಸ್ತೀಯಾ ಅಂತ ಅವಳಿಗೆ ಅನ್ಸಿದ್ರೆ ಸರಿ. ಇಲ್ಲಾಂದ್ರೆ ಮಾರ್ಚಿಂದ ನಮ್ಮನೇಲೇ ಇದ್ದುಬಿಡ್ತಾಳೆ."

ನಮ್ಮದು ಎರಡು ಕೋಣೆಯ ಮನೆ. ನನ್ನ ಮಗಳನ್ನು ನಾನು ಎತ್ತಿಕೊಳ್ಳುವಾಗ, ಇಳಿಸುವಾಗ ಒಂದು ಜೊತೆ ಕಣ್ಣು ನನ್ನ ಬೆನ್ನ ಮೇಲೆ. ಬೇಸಿಗೆಯಲ್ಲಿ ಜರ್ಮನಿಯವರು ದುಡ್ಡು ಕೊಟ್ಟು ಬಂದು ಇದೇ ಕಿಟಕಿಯ ಮುಂದೆ ಕೂತು ನೆಮ್ಮದಿ ಅನ್ನುತ್ತಾರಂತೆ. ನಾನು ಪರೀಕ್ಷೆಗೆ ಕೂತಿದ್ದೇನೆ.

ಫೆಬ್ರವರಿ 9, ಭಾನುವಾರ

ಮೈನಸ್ ಎಂಟು. ಹೊರಗೆ ಒಂದೂವರೆ ಗಂಟೆ. ಹೋಗಿ ಬಂದದ್ದು ಒಂಬತ್ತು ಸಲ.

ಇಲ್ಲಿ ಫೋನು ಸಿಗುವುದು ದೋಣಿಕಟ್ಟೆಯ ತುದಿಯಲ್ಲಿ ಮಾತ್ರ, ಅದೂ ಒಂದು ಗೆರೆ. ಹಾಗಾಗಿ ಮಗುವಿನ ಉಸಿರಾಟದ ಬಗ್ಗೆ ಏನನ್ನೂ ಹುಡುಕಿ ಓದಲು ಆಗುತ್ತಿಲ್ಲ. ಒಸ್ಸಿ ಇದನ್ನೂ ಯೋಚಿಸಿಯೇ ಇಲ್ಲಿಗೆ ಕರೆತಂದನೋ ಏನೋ.

ಫೆಬ್ರವರಿ 11, ಮಂಗಳವಾರ

ಒಸ್ಸಿ ಹೋದ. ಪೂರ್ವದ ಕಡೆ ಹಿಮದ ಭಾರಕ್ಕೆ ಮರಗಳು ಬಾಗಿ ವಿದ್ಯುತ್ ತಂತಿಗಳ ಮೇಲೆ ಬಿದ್ದಿವೆ. ರಜೆಯಲ್ಲಿರುವ ಲೈನ್‌ಮನ್‌ಗಳನ್ನೂ ಕರೆಸುತ್ತಿದ್ದಾರೆ.

"ನಮ್ಮನ್ನ ಕೆಮಿಗೆ ಬಿಟ್ಟು ಹೋಗು" ಎಂದೆ.

"ಕೆಮಿ ದಕ್ಷಿಣಕ್ಕೆ, ನಾನು ಹೋಗ್ಬೇಕಿರೋದು ಪೂರ್ವಕ್ಕೆ. ಇಲ್ಲೇನು ಕಮ್ಮಿ ಇದೆ ಇಲೋನಾ? ಸೌದೆ ಇದೆ, ಊಟ ಇದೆ, ಅಮ್ಮ ಇದಾಳೆ."

"ಅದೇ."

ಅವನಿಗೆ ಅರ್ಥವಾಗಲಿಲ್ಲ. ಅವನ ದಾರಿಬುತ್ತಿಗೆ ರೈ ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದ ರೌನಿಯ ಚಾಕು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಆಡತೊಡಗಿತು.

"ರಸ್ತೆ ಮುಚ್ಚಿಹೋದ್ರೆ?"

"ಔಲಿಸ್ ತೆಗೀತಾನೆ. ಮೂವತ್ತು ವರ್ಷದಿಂದ ತೆಗೀತಿದಾನೆ. ಭಾನುವಾರದೊಳಗೆ ನಾನು ಬಂದುಬಿಡ್ತೀನಿ."

ಔಲಿಸ್ ಎಂದರೆ ಸರೋವರದ ಆಚೆ ದಡದ ಮುದುಕ. ಟ್ರ್ಯಾಕ್ಟರಿಗೆ ಹಲಗೆ ಕಟ್ಟಿ ನಮ್ಮ ಒಂಬತ್ತು ಕಿಲೋಮೀಟರ್ ಖಾಸಗಿ ರಸ್ತೆಯ ಹಿಮ ತೆಗೆಯುತ್ತಾನೆ. ಆ ರಸ್ತೆಯ ಈ ತುದಿಯಲ್ಲಿ ಇರುವುದು ನಾವು ಮಾತ್ರ.

ಇದ್ದದ್ದು ಒಂದೇ ಕಾರು. ಅದರ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದೆ. ಒಳಗೆ ಬಂದಾಗ ರೌನಿ ಮಗುವಿನ ಕಾಲ್ಚೀಲ ಬದಲಿಸಿದ್ದರು. ನಾನು ಹಾಕಿದ್ದು ತೆಳುವಾಗಿತ್ತಂತೆ.

ಫೆಬ್ರವರಿ 12, ಬುಧವಾರ

ಬೆಳಿಗ್ಗೆಯಿಂದ ಗಾಳಿ, ಹಿಮ. ಎದುರು ದಡ ಕಾಣುತ್ತಿಲ್ಲ. ದೋಣಿಕಟ್ಟೆಯೂ ಕಾಣುತ್ತಿಲ್ಲ. ಜಗಲಿಗೆ ಮೂರು ಕಡೆ ಗೋಡೆಯಿದ್ದು ಗಾಡಿ ಅಲ್ಲಿ ಬೆಚ್ಚಗಿರುತ್ತದೆ. ಕಷ್ಟ ಇರುವುದು ಮುಂದಿನ ಬಾಗಿಲಿನದು. ಅದರ ಚಿಲಕ ಸಡಿಲ. ಗಾಳಿ ಬಂದಾಗಲೆಲ್ಲ ದಡ್ ಎಂದು ಬಡಿದುಕೊಳ್ಳುತ್ತದೆ, ಹಿಲ್ಲಾ ಬೆಚ್ಚಿಬೀಳುತ್ತಾಳೆ. ಕೊನೆಗೆ ಹೊರಗಡೆಯಿಂದ ಬರ್ಚ್ ಕಡ್ಡಿಯ ಉದ್ದ ಪೊರಕೆಯನ್ನು ಬಾಗಿಲಿಗೆ ಓರೆಯಾಗಿ ಆನಿಸಿ, ಸುತ್ತು ಹಾಕಿ ಉಗಿಸ್ನಾನದ ಕೋಣೆ ಸೌನಾದ ಪಕ್ಕದ ಹಿಂಬಾಗಿಲಿನಿಂದ ಒಳಗೆ ಬಂದೆ. ಬಡಿತ ನಿಂತಿತು. ಹೋಗಿ ನೋಡುವ ದಾರಿ ಮಾತ್ರ ಮೂರು ಪಟ್ಟು ಉದ್ದವಾಯಿತು. ಆದರೂ ಆರು ಸಲ ಹೋದೆ. ಹಿಲ್ಲಾ ಎದ್ದ ಮೇಲೆ ಪೊರಕೆ ತೆಗೆದಿಟ್ಟೆ.

ರೌನಿ ಅಡುಗೆಮನೆಯಲ್ಲಿ ಮೀನಿನ ಸಾರು ಮಾಡುತ್ತಿದ್ದರು. ಮೂವತ್ತು ವರ್ಷ ಶಾಲೆಯ ಅಡುಗೆಯವರಾಗಿದ್ದವರು; ಇಬ್ಬರಿಗೆ ಮಾಡಲು ಕೈ ಬರುವುದಿಲ್ಲ, ಇಪ್ಪತ್ತು ಜನಕ್ಕಾಗುವಷ್ಟಿದೆ.

"ಯಾರು ತಿನ್ಬೇಕು ಇದನ್ನೆಲ್ಲ?"

"ನೀನು. ನಿನ್ನ ಮೈಯಲ್ಲಿ ಹಾಲು ಎಲ್ಲಿಂದ ಬರ್ತಿದೆ ಅಂತ ನನಗೇ ಸೋಜಿಗ. ಮೂಳೆಯಿಂದಲೇ ಹಿಂಡ್ತಿದೀಯಾ ಹೇಗೆ?"

ಫೆಬ್ರವರಿ 13, ಗುರುವಾರ

ಕರೆಂಟು ಹೋಗಿದೆ. ಹಗ್ಗ ಹಿಡಿದುಕೊಂಡು ದೋಣಿಕಟ್ಟೆಯ ತುದಿಗೆ ಹೋದೆ. ಅಲ್ಲಿ ಸಿಗುತ್ತಿದ್ದ ಒಂದು ಗೆರೆಯೂ ಇಲ್ಲ. ಟವರಿಗೂ ಕರೆಂಟಿಲ್ಲ ಅಂತ ಕಾಣುತ್ತದೆ.

ಅಂದರೆ: ಕಾರಿಲ್ಲ, ರಸ್ತೆ ಇಲ್ಲ, ಫೋನಿಲ್ಲ. ಹಿಲ್ಲಾಗೆ ಜ್ವರ ಬಂದರೆ? ಉಸಿರು ಕಟ್ಟಿದರೆ? ಈ ಪ್ರಶ್ನೆಗಳನ್ನು ರೌನಿಯ ಮುಂದೆ ಕೇಳಲಾರೆ. ಒಂದೊಂದು ಪ್ರಶ್ನೆಗೂ ನನ್ನ ಅಂಕ ಕಡಿಮೆಯಾಗುತ್ತದೆ. ಬೆಳಿಗ್ಗೆ ಮಗುವನ್ನು ಎದೆಗೆ ಕಟ್ಟಿಕೊಂಡು ಕಿಟಕಿಯಿಂದ ಕಿಟಕಿಗೆ ಓಡಾಡಿದೆ. ಎಲ್ಲ ಕಿಟಕಿಯಲ್ಲೂ ಅದೇ ಬಿಳಿ. ಗಾಜಿಗೆ ಹಣೆ ಒತ್ತಿದರೆ ಹೊರಗಿನ ಚಳಿ ಒಳಗಿನ ಎಲುಬಿಗೆ ತಾಗುತ್ತದೆ. ಇಷ್ಟು ದೊಡ್ಡ ಬಯಲಿನ ನಡುವೆ ಕೂತು, ಹುಗಿದಂತೆ ಅನಿಸುವುದು ಹೇಗೆ ಎಂದು ಯಾರಿಗೆ ಹೇಳಲಿ.

ಮನೆ ಬೆಚ್ಚಗಿಡಲು ಇನ್ನು ಕಲ್ಲೊಲೆಯೇ ಗತಿ. ಬೆಳಿಗ್ಗೆ ಎರಡು ಗಂಟೆ ಜೋರಾಗಿ ಉರಿಸಿ, ಕೆಂಡ ಆರಿದ ಮೇಲೆ ಹೊಗೆಗೂಡಿನ ತಗಡು ಮುಚ್ಚಿದರೆ ಮಾರನೆಯ ಬೆಳಿಗ್ಗೆಯವರೆಗೆ ಕಲ್ಲು ಬಿಸಿ ಬಿಡುತ್ತಿರುತ್ತದೆ. ರೌನಿ ನನ್ನನ್ನು ಕರೆದು ಒಲೆಯ ಮುಂದೆ ಕೂರಿಸಿದರು.

"ನೀಲಿ ಬೆಂಕಿ ಕಾಣ್ತಿದೆಯಾ? ಸಣ್ಣದು, ಅಲ್ಲಿ."

"ಕಾಣ್ತಿದೆ."

"ಅದು ಇರೋವರೆಗೂ ತಗಡು ಮುಚ್ಚಕೂಡದು. ಬಿಸಿ ಹೋಗುತ್ತೆ ಅಂತ ಆಸೆಪಟ್ಟು ಮುಚ್ಚಿದೋರು ಎಷ್ಟೋ ಜನ ವಿಷಗಾಳಿ ಕುಡಿದು ಬೆಳಿಗ್ಗೆ ಏಳ್ಲಿಲ್ಲ. ನೀನು ನೋಡ್ಕೋ. ಇಡೀ ದಿನ ಕಣ್ಣು ಬಿಟ್ಕೊಂಡೇ ಇರ್ತೀಯಲ್ಲ, ಆ ಕಣ್ಣಿಗೂ ಒಂದು ಕೆಲಸ ಬೇಡ್ವೇ."

ಒಂದು ಗಂಟೆ ಬೆಂಕಿಯನ್ನೇ ನೋಡುತ್ತ ಕೂತೆ. ಮಗುವಿನ ಹತ್ತಿರ ಹೋದದ್ದು ನಾಲ್ಕು ಸಲ.

ಫೆಬ್ರವರಿ 14, ಶುಕ್ರವಾರ

ರೌನಿ ಬಿದ್ದರು. ಬೆಳಿಗ್ಗೆ ಹಿಮ ಗುಡಿಸಲೆಂದು ನನಗಿಂತ ಮುಂಚೆ ಎದ್ದು, ಮುಂಬಾಗಿಲಿನಿಂದ ಹೊರಗೆ ಹೋಗಿದ್ದರು. ಮೆಟ್ಟಿಲ ಮೇಲೆ ಹಿಮದಡಿ ನೀರು ಹೆಪ್ಪುಗಟ್ಟಿತ್ತು. ಬಲಗಾಲಿನ ಹರಡು. ಉಳುಕಿದೆಯಷ್ಟೇ ಎನ್ನುತ್ತಾರೆ. ಎತ್ತಿ ಒಳಗೆ ತರಲು ಇಪ್ಪತ್ತು ನಿಮಿಷ ಬೇಕಾಯಿತು. ಎತ್ತರದ ಹೆಂಗಸು, ನನ್ನ ಎರಡರಷ್ಟು ತೂಕ. "ನನ್ನ ಬಿಟ್ಟು ಮೊದಲು ಬಾಗಿಲು ಹಾಕು, ಬಿಸಿ ಹೋಗುತ್ತೆ" ಎಂದು ನೆಲದ ಮೇಲಿಂದಲೇ ಆಜ್ಞೆ.

ಮುಂಬಾಗಿಲಿನ ಕಡೆ ಇನ್ನು ಯಾರೂ ಹೋಗುವುದು ಬೇಡವೆಂದು ಪೊರಕೆಯನ್ನು ಮತ್ತೆ ಅಲ್ಲಿಗೇ ಒರಗಿಸಿದೆ. ಗಾಡಿಯನ್ನು ಹಿಂದುಗಡೆ, ಸೌದೆಯ ಕೊಟ್ಟಿಗೆಯ ಮರೆಗೆ ತಂದೆ.

ಬರೆಯಲು ಹೊತ್ತಿಲ್ಲ.

ಫೆಬ್ರವರಿ 15, ಶನಿವಾರ

ಸೌದೆ. ಹಿಮ ಕರಗಿಸಿ ನೀರು. ಬೂದಿ. ಬಟ್ಟೆ. ಹಾಲು. ಮತ್ತೆ ಸೌದೆ.

ರೌನಿ ಸೋಫಾದಿಂದ ಎಲ್ಲವನ್ನೂ ನೋಡುತ್ತಾರೆ. ನೋಡುವುದಕ್ಕೇ ಬಂದವರು, ಈಗ ಬೇರೆ ಕೆಲಸವೂ ಇಲ್ಲ. ಸೌದೆ ಒಟ್ಟುವಾಗ ತೊಗಟೆ ಮೇಲಿರಬೇಕಂತೆ. ಗಂಜಿ ಎಡಕ್ಕೆ ತಿರುವಬಾರದಂತೆ. ಮೂರನೆಯ ಸಲಕ್ಕೆ ನಾನು ಸೌದೆ ಕೆಳಗೆ ಹಾಕಿದೆ.

"ನೀವೇ ಬಂದು ಮಾಡಿ ಹಾಗಾದ್ರೆ."

"ಬರಕ್ಕಾಗಿದ್ರೆ ಬರ್ತಿದ್ದೆ."

"ಒಸ್ಸಿಗೆ ಏನು ಹೇಳ್ಬೇಕೋ ಹೇಳಿ. ಗಂಜಿ ಎಡಕ್ಕೆ ತಿರುವ್ತಾಳೆ ಅಂತ ಅದನ್ನೂ ಸೇರಿಸಿ."

ರೌನಿ ಬೆನ್ನ ಹಿಂದಿನ ದಿಂಬು ಸರಿಮಾಡಿಕೊಂಡರು. "ನಿನಗೆ ನನ್ನ ಕಂಡ್ರೆ ಆಗಲ್ಲ ಅಂತ ಗೊತ್ತು. ನನ್ನ ಅತ್ತೆ ಕಂಡ್ರೆ ನನಗೂ ಆಗ್ತಿರ್ಲಿಲ್ಲ. ಆದ್ರೂ ತೊಗಟೆ ಮೇಲಿರಲಿ."

ಮೇಲಿಟ್ಟೆ. ಏನು ಮಾಡಲಿ, ಹಾಗಿಟ್ಟರೆ ಬೇಗ ಹತ್ತಿಕೊಳ್ಳುವುದು ನಿಜ.

ಫೆಬ್ರವರಿ 16, ಭಾನುವಾರ

ಗಾಳಿ ನಿಂತಿದೆ. ಸೂರ್ಯ. ಮೈನಸ್ ಹತ್ತೊಂಬತ್ತು. ಹಿಲ್ಲಾ ಎರಡು ಗಂಟೆ ಮಲಗಿದಳು, ಕೆನ್ನೆ ಸೇಬಿನಂತಾಗಿದೆ.

ಒಸ್ಸಿ ಬರಲಿಲ್ಲ. ರಸ್ತೆ ನೋಡಿ ಬರೋಣವೆಂದು ಮನೆಯ ಮುಂದುಗಡೆಗೆ ಹೋದೆ. ಅಲ್ಲಿ ಹಿಮದ ಮೇಲೆ ಸ್ಕೀಯ ಜೋಡಿ ಗೆರೆ. ಸರೋವರದ ದಡದಿಂದ ನೇರವಾಗಿ ನಮ್ಮ ಮೆಟ್ಟಿಲವರೆಗೆ ಬಂದು, ಒಂದು ಕಡೆ ಕೋಲು ಊರಿ ನಿಂತ ಗುರುತು ಮೂಡಿಸಿ, ಅಲ್ಲೇ ತಿರುಗಿ ಹೋಗಿದೆ.

ಯಾರೋ ಬಂದು, ನಿಂತು, ನೋಡಿ, ನಮ್ಮನ್ನು ಬಿಟ್ಟು ಹೋಗಿದ್ದಾರೆ.

ಓಡಿ ಹೋಗಿ ರೌನಿಗೆ ಹೇಳಿದೆ.

"ಔಲಿಸ್" ಎಂದರು. "ಇಷ್ಟು ಹಿಮ ಬಿದ್ರೆ ಅದರ ಭಾರಕ್ಕೆ ಸರೋವರದ ಮಂಜುಗಡ್ಡೆ ಮೇಲೆ ನೀರು ಹತ್ತುತ್ತೆ, ಸ್ನೋಮೊಬೈಲ್ ಗಾಡಿ ಹೂತುಹೋಗುತ್ತೆ. ಅದಕ್ಕೇ ದಡದಗುಂಟ ಸ್ಕೀಯಲ್ಲಿ ಬಂದಿದಾನೆ. ಆದ್ರೆ ಬಾಗಿಲು ತಟ್ಟದೆ ಯಾಕೆ ಹೋದ?" ಆಮೇಲೆ ನನ್ನ ಮುಖ ನೋಡಿದರು. "ಮುಂಬಾಗಿಲಿಗೆ ಏನಾದ್ರೂ ಒರಗಿಸಿದೀಯಾ?"

"ಪೊರಕೆ."

ರೌನಿ ಕಣ್ಣು ಮುಚ್ಚಿದರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. ನಗುವಿಗೆ ಕಾಲು ಅಲುಗಿ ನೋವಾಗಿ ಅಯ್ಯೋ ಎನ್ನುತ್ತ ಮತ್ತೆ ನಗು.

"ಪೊರಕೆ ಒರಗಿಸಿದ್ರೆ ಮನೇಲಿ ಯಾರೂ ಇಲ್ಲ ಅಂತ ಕಣೇ. ಬೀಗ ಇಲ್ಲದ ಕಾಲದಿಂದ ಇಲ್ಲಿ ಹಾಗೇ. ಕಾರಿಲ್ಲ, ದೀಪ ಇಲ್ಲ, ಒಲೆ ಆರಿಸಿ ಹೊಗೇನೂ ಇಲ್ಲ, ಗಾಡಿ ಹಿಂದುಗಡೆ ಇದೆ. ಮೇಲೆ ಪೊರಕೆ ಬೇರೆ. ಬಿರುಗಾಳಿಗೆ ಮುಂಚೆ ಎಲ್ಲರೂ ಒಸ್ಸಿ ಜೊತೆ ಹೊರಟುಹೋದ್ರು ಅಂತ ತಿಳ್ಕೊಂಡಿದಾನೆ. ಖಾಲಿ ಮನೆಗೆ ಯಾವನು ಒಂಬತ್ತು ಕಿಲೋಮೀಟರ್ ಹಿಮ ತೆಗೀತಾನೆ?"

"ಕಿಟಕೀಲಿ ಒಂದ್ಸಲ ಇಣುಕಬಹುದಿತ್ತಲ್ಲ."

"ಔಲಿಸ್? ಪೊರಕೆ ಇಟ್ಟ ಮನೆ ಕಿಟಕೀಲಿ? ಪ್ರಾಣ ಬಿಟ್ಟಾನು, ಇಣುಕಲ್ಲ. ನೀನು ಹುಟ್ಟಿ ಬೆಳೆದ ತುರ್ಕು ಪಟ್ಟಣದಲ್ಲಿ ಬಾಗಿಲಿಗೆ ಪೊರಕೆ ಒರಗಿಸಿದ್ರೆ ಏನರ್ಥ?"

"ಬೆಳಿಗ್ಗೆಗೆ ಪೊರಕೆ ಇರಲ್ಲ ಅಂತ."

ಮತ್ತೆ ನಕ್ಕರು. ನಾನೂ ನಕ್ಕೆ. ಆಮೇಲೆ ಹೋಗಿ ಪೊರಕೆಯನ್ನು ಕಿತ್ತು ಒಳಗೆ ತಂದೆ, ಜಗಲಿಯ ಕಟಾಂಜನಕ್ಕೆ ಕೆಂಪು ಕಂಬಳಿ ಕಟ್ಟಿದೆ. ಕೆಲಸವೆಲ್ಲ ಮುಗಿದು ಕೂತಾಗ ನಗು ಇಳಿದುಹೋಯಿತು. ನಾವು ಇಲ್ಲಿ ಸಿಕ್ಕಿಬಿದ್ದಿರುವುದು ಹಿಮದಿಂದಲ್ಲ, ನನ್ನ ಕೈಯಿಂದ. ಮಗುವನ್ನು ಬೀಳಿಸಿದ ಕೈ, ಸಹಾಯಕ್ಕೆ ಬಂದವನನ್ನು ವಾಪಸು ಕಳಿಸಿದ ಕೈ. ರೌನಿ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೇಳುವುದನ್ನೆಲ್ಲ ಒಸ್ಸಿಗಾಗಿ ಇಟ್ಟುಕೊಂಡಿರಬೇಕು.

ಫೆಬ್ರವರಿ 17, ಸೋಮವಾರ, ಬೆಳಿಗ್ಗೆ

ರೌನಿ ಉಣ್ಣೆಯ ಕಾಲ್ಚೀಲ ತೆಗೆಯಲು ಬಿಡುತ್ತಿರಲಿಲ್ಲ. ಇವತ್ತು ನಿದ್ದೆಯಲ್ಲಿದ್ದಾಗ ತೆಗೆದು ನೋಡಿದೆ. ಹರಡು ಕುಂಬಳದಂತಾಗಿದೆ, ಬೆರಳುಗಳು ಮೇಣದ ಹಾಗೆ ಬಿಳಿ, ಮುಟ್ಟಿದರೆ ತಣ್ಣಗೆ. ಮುಟ್ಟಿದ್ದು ಅವರಿಗೆ ಗೊತ್ತಾಗಲಿಲ್ಲ. ಇದು ಉಳುಕಲ್ಲ.

ಎದ್ದ ಮೇಲೆ ಹೇಳಿದೆ: "ಔಲಿಸ್ ಮನೆಗೆ ಹೋಗ್ತೀನಿ. ಅವನ ಸ್ಕೀ ಗೆರೆ ಹಿಡಿದು ಹೋದ್ರೆ ನಾಲ್ಕು ಕಿಲೋಮೀಟರ್."

"ಬೇಡ. ಒಸ್ಸಿ ಇವತ್ತೋ ನಾಳೆಯೋ ಬರ್ತಾನೆ."

"ನಿಮ್ಮ ಕಾಲು ನಾಳೆವರೆಗೆ ಕಾಯಲ್ಲ."

"ಮಗು?"

ಹೊರಗೆ ಮೈನಸ್ ಇಪ್ಪತ್ತೆರಡು. ಮಗುವನ್ನು ಕಟ್ಟಿಕೊಂಡು ನನ್ನಂಥವಳು ಸ್ಕೀ ಮಾಡಿ ಬಿದ್ದರೆ ಇಬ್ಬರೂ ಹೋದೆವು. "ನಿಮ್ಮ ಹತ್ತಿರ ಇರ್ತಾಳೆ" ಎಂದೆ. ಹೇಳಿದ್ದು ನಾನೇ ಹೌದೋ ಅಲ್ಲವೋ ಎಂದು ಇಬ್ಬರಿಗೂ ಅನುಮಾನವಾಯಿತು.

ಹಿಂಡಿದ ಹಾಲು ಒಂದು ಸೀಸೆ ಮತ್ತು ಅರ್ಧ ಕಾಫಿ ಲೋಟ. ಡಯಾಪರು, ಬಟ್ಟೆ, ನೀರು ಎಲ್ಲ ಸೋಫಾದಿಂದ ಕೈಗೆಟಕುವಂತೆ ಇಟ್ಟಿದ್ದೇನೆ. ಒಲೆ ಆರಿದೆ, ನೀಲಿ ಇಲ್ಲ, ಎರಡು ಸಲ ನೋಡಿ ತಗಡು ಮುಚ್ಚಿದೆ. ಹೊರಡುತ್ತೇನೆ.

ಫೆಬ್ರವರಿ 18, ಮಂಗಳವಾರ, ಬೆಳಿಗ್ಗೆ ಎಂಟು

ನಿನ್ನೆಯದನ್ನು ಇಲ್ಲಿಯಾದರೂ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಹೋಗಲು ಸುಮಾರು ಎರಡು ಗಂಟೆ ಹಿಡಿಯಿತು. ಸ್ಕೀ ಒಸ್ಸಿಯ ಬಾಲ್ಯದ್ದು. ದಡದ ತಿರುವಿನಲ್ಲಿ ಎರಡು ಸಲ ಬಿದ್ದೆ. ಎರಡನೆಯ ಸಲ ಹಿಮದಲ್ಲಿ ಕೂತೇ ಹಿಂತಿರುಗಿ ನೋಡಿದರೆ ನಮ್ಮ ಮನೆ ಬೆಂಕಿಪೊಟ್ಟಣದಷ್ಟಿತ್ತು. ಅದರೊಳಗೆ ಹಿಲ್ಲಾ. ಎದೆಯಲ್ಲಿ ಹಾಲು ಒಸರಿ ಅಂಗಿಯೊಳಗೆ ತಣ್ಣಗಾಗುತ್ತಿತ್ತು. ಹಿಂದಕ್ಕೆ ಹೋದರೂ ಅಷ್ಟೇ ದೂರ, ಮುಂದಕ್ಕೆ ಹೋದರೂ ಅಷ್ಟೇ ದೂರ ಎಂಬ ಲೆಕ್ಕ ಹಾಕಿ ಮುಂದಕ್ಕೆ ಹೋದೆ.

ಔಲಿಸ್ ಬಾಗಿಲಲ್ಲಿ ನಿಂತಿದ್ದ. ದೂರದಿಂದಲೇ ನೋಡಿದ್ದನಂತೆ.

"ರೌನಿ ಸೊಸೆ ಅಲ್ವಾ ನೀನು?"

"ಹೌದು. ನಾವು ಮನೇಲೇ ಇದೀವಿ. ಆ ಪೊರಕೆ..."

"ಒಳಗೆ ಬಾ. ಕಾಫಿ ಕುಡಿ."

"ರೌನಿ ಕಾಲು ಮುರಿದಿದೆ, ಮಗು ಅಲ್ಲೇ..."

"ಕೇಳಿಸ್ತು. ಟ್ರ್ಯಾಕ್ಟರು ಬಿಸಿಯಾಗಕ್ಕೆ ಅರ್ಧ ಗಂಟೆ ಬೇಕು. ನೀನು ಇಲ್ಲಿ ನಿಂತ್ಕೊಂಡು ಗಡಗಡ ಅಂದ್ರೆ ಅದೇನು ಬೇಗ ಬಿಸಿಯಾಗಲ್ಲ."

ಇಲ್ಲಿಯವರ ಪದ್ಧತಿಯಂತೆ ಲೋಟದ ತಳಕ್ಕೆ ಗಿಣ್ಣಿನ ತುಂಡು ಹಾಕಿ ಅದರ ಮೇಲೆ ಕಾಫಿ ಸುರಿದುಕೊಟ್ಟ. ಒಲೆಯ ಪಕ್ಕದ ಮರದ ಬೆಂಚಿನ ಮೇಲೆ ಕೂತೆ. ಗಿಣ್ಣನ್ನು ಚಮಚದಲ್ಲಿ ತೆಗೆದು ತಿಂದದ್ದು ನೆನಪಿದೆ. ಅವನು ಹೊರಗೆ ಟ್ರ್ಯಾಕ್ಟರು ಚಾಲೂ ಮಾಡಿದ ಸದ್ದು ನೆನಪಿದೆ.

ಮತ್ತೆ ಕಣ್ಣು ಬಿಟ್ಟಾಗ ಕಿಟಕಿ ಕಡುನೀಲಿಯಾಗಿತ್ತು. ಮೈಮೇಲೆ ಹಿಮಸಾರಂಗದ ಚರ್ಮ. ಗೋಡೆಯ ಗಡಿಯಾರದಲ್ಲಿ ನಾಲ್ಕು. ನಾಲ್ಕು ಗಂಟೆಗಳ ಕಾಲ, ಒಂದು ಕನಸೂ ಇಲ್ಲದೆ, ಬಾಯಿ ತೆರೆದುಕೊಂಡು ಮಲಗಿದ್ದೆ. ನನ್ನ ಮಗು ನಾಲ್ಕು ಕಿಲೋಮೀಟರ್ ಆಚೆ, ಏಳಲಾರದ ಮುದುಕಿಯೊಬ್ಬಳ ಕೈಯಲ್ಲಿ. ಯಾವ ತಾಯಿ ಹೀಗೆ ಮಲಗುತ್ತಾಳೆ?

ಬೂಟು ಹಾಕುತ್ತಿದ್ದಾಗ ಔಲಿಸ್ ಬಂದ. ರಸ್ತೆ ತೆಗೆದು, ನಮ್ಮ ಮನೆಗೂ ಹೋಗಿ ವಾಪಸಾಗಿದ್ದ.

"ಯಾಕೆ ಎಬ್ಬಿಸ್ಲಿಲ್ಲ?"

"ಎಬ್ಬಿಸಿ ಏನ್ ಮಾಡ್ಸೋದಿತ್ತು? ಟ್ರ್ಯಾಕ್ಟರಲ್ಲಿ ಇರೋದು ಒಂದೇ ಹಲಗೆ."

ದಾರಿಯುದ್ದಕ್ಕೂ ಅವನು ಮತ್ತೆ ಬಾಯಿ ಬಿಡಲಿಲ್ಲ. ನಾನು ಅವನ ಸೀಟಿನ ಪಕ್ಕ ನಿಂತು, ರೌನಿಗೆ ಹೇಳಬೇಕಾದ ಸುಳ್ಳನ್ನು ಹೊಂದಿಸಿಕೊಳ್ಳುತ್ತಿದ್ದೆ.

ಒಳಗೆ ಬಂದಾಗ ಹಿಲ್ಲಾ ಅಜ್ಜಿಯ ಹೊಟ್ಟೆಯ ಮೇಲೆ ಬೋರಲು ಮಲಗಿದ್ದಳು. ಗಲ್ಲದ ಮೇಲೆ ಏನೋ ಬಿಳಿಯದು ಒಣಗಿ ಹಿಡಿದಿತ್ತು.

"ನಿನ್ನ ಮಗಳು ಆಲೂಗಡ್ಡೆ ತಿಂದ್ಳು. ಹಾಲು ಮುಗೀತು, ಅರಚಿದ್ಳು, ಬೇಯಿಸಿದ್ದು ಪಕ್ಕದಲ್ಲೇ ಇತ್ತು, ಅರೆದು ಕೊಟ್ಟೆ. ಬೈಯೋದಿದ್ರೆ ಈಗಲೇ ಬೈದು ಮುಗಿಸು."

ಬೈಯಲಿಲ್ಲ. ಸ್ಕೀಯ ಪಟ್ಟಿ ಕಿತ್ತುಹೋಯಿತು, ಔಲಿಸ್ ಅದನ್ನು ಸರಿಮಾಡುವಷ್ಟರಲ್ಲಿ ಹೊತ್ತಾಯಿತು ಎಂದೆ.

"ಹೌದಾ" ಎಂದರು ರೌನಿ. "ಹಳೇ ಪಟ್ಟಿ ಅವು."

ನಿದ್ದೆ ಹೋದೆ ಎಂದು ಹೇಳಿದ್ದರೆ ಮಾರ್ಚ್ ಅಲ್ಲಿಗೇ ತೀರ್ಮಾನವಾಗುತ್ತಿತ್ತು. ಔಲಿಸ್ ಮಾತಾಡುವವನಲ್ಲ. ನಿನ್ನೆಯೇ ಊರಿನವರೆಗೆ ಹೋಗಿ ಆಂಬುಲೆನ್ಸಿಗೂ ಒಸ್ಸಿಗೂ ಫೋನು ಮಾಡಿದ್ದಾನೆ; ಆಂಬುಲೆನ್ಸುಗಳೆಲ್ಲ ಬಿರುಗಾಳಿಗೆ ಸಿಕ್ಕವರ ಕಡೆ ಹೋಗಿವೆಯಂತೆ. ಒಸ್ಸಿ ಇವತ್ತು ಬರುತ್ತಾನೆ. ಅಮ್ಮನೂ ಮಗನೂ ಒಂದೇ ಕಾರಿನಲ್ಲಿ ಇವಾಲೊ ಆಸ್ಪತ್ರೆಗೆ ಹೋಗುತ್ತಾರೆ. ದಾರಿ ದೂರವಿದೆ, ಮಾತಿಗೆ ಬೇಕಾದಷ್ಟು ಹೊತ್ತಿದೆ.

ಅದೇ ದಿನ, ಮಧ್ಯಾಹ್ನ

ಒಸ್ಸಿ ಹನ್ನೊಂದಕ್ಕೆ ಬಂದ. ಗಡ್ಡ ಬಂದಿದೆ, ಕಣ್ಣು ಕೆಂಪಾಗಿದೆ, ರಾತ್ರಿಯೆಲ್ಲ ಕಾರು ಓಡಿಸಿದ್ದಾನೆ. ಮೊದಲು ಅಮ್ಮನ ಕಾಲು ನೋಡಿದ, ಆಮೇಲೆ ನನ್ನನ್ನು, ಆಮೇಲೆ ಮನೆಯನ್ನು. ಒಲೆಯ ಪಕ್ಕದ ಸೌದೆಯ ಒಟ್ಟಿಲನ್ನು ಸ್ವಲ್ಪ ಹೊತ್ತು ನೋಡಿದ.

ಇಬ್ಬರೂ ಸೇರಿ ರೌನಿಯನ್ನು ಕಾರಿಗೆ ಕೂರಿಸಿದೆವು. ಹಿಲ್ಲಾ ಆಗಲೇ ಕೊಟ್ಟಿಗೆಯ ಮರೆಯಲ್ಲಿ ನಿದ್ದೆ ಹೋಗಿದ್ದಳು.

"ಅವಳನ್ನ ಎತ್ಕೋ, ಎಲ್ಲರೂ ಹೋಗೋಣ" ಎಂದ ಒಸ್ಸಿ. "ಎಕ್ಸ್-ರೇ, ಪ್ಲಾಸ್ಟರು ಅಂತ ರಾತ್ರಿ ಆಗಬಹುದು. ನಾಳೆ ಬೆಳಿಗ್ಗೇನೂ ಆಗಬಹುದು. ನಿನ್ನೊಬ್ಳನ್ನೇ ಮಗು ಜೊತೆ ಇಲ್ಲಿ ಬಿಟ್ಟು ಹೋಗಕ್ಕಾಗುತ್ತಾ?"

"ಯಾಕಾಗಲ್ಲ?" ಕಾರಿನೊಳಗಿಂದ ರೌನಿ.

"ಅಮ್ಮಾ, ನೀನೇ ಹೇಳಿದ್ದೆಯಲ್ಲ, ಮೊದಲು ನೋಡೋಣ, ಆಮೇಲೆ..."

"ನೋಡಿದ್ದಾಯ್ತು."

ಒಸ್ಸಿ ಅವರ ಕಡೆಗೂ ನನ್ನ ಕಡೆಗೂ ತಿರುಗಿದ. "ಮತ್ತೆ ಮಾರ್ಚಿಗೆ?"

"ಮಾರ್ಚಲ್ಲಿ ನಾನು ನನ್ನ ಕಾಲು ನೋಡ್ಕೋಬೇಕು. ಅವಳು ಕರೆದ್ರೆ ಬರ್ತೀನಿ. ನೀನು ಕರೆದ್ರೆ ಬರಲ್ಲ. ಮಲಗಿರೋ ಮಗೂನ ಎಬ್ಬಿಸಿ ಮೂರು ಗಂಟೆ ಕಾರಲ್ಲಿ ಕೂಗಿಸ್ಬೇಡ. ಹತ್ತು, ಹೋಗೋಣ."

ಅವನು ಥರ್ಮಾಸು ಮರೆತೆನೆಂದು ಒಳಗೆ ಹೋದ. ನಾನು ಬಗ್ಗಿ ರೌನಿಯ ಕಾಲಿಗೆ ಕಂಬಳಿ ಸುತ್ತಿದೆ. ಮುಖ ಎತ್ತಲಾಗಲಿಲ್ಲ. ಬೆಳಿಗ್ಗೆ ಇಲ್ಲಿ ಬರೆದದ್ದನ್ನು ಅವರಿಗೆ ಹೇಳಿಬಿಡಬೇಕು ಅನಿಸಿತು.

"ರೌನಿ, ನಿನ್ನೆ ಪಟ್ಟಿ ಕಿತ್ತುಹೋಗಿರ್ಲಿಲ್ಲ."

"ಗೊತ್ತು. ನಿನ್ನೆ ಔಲಿಸ್ ಬಂದೋನೇ ಮೊದಲು ಹೇಳಿದ್ದು ಅದನ್ನೇ. ನಿಮ್ಮ ಸೊಸೆ ನಮ್ಮನೇಲಿ ಮಲಗಿದಾಳೆ, ಎಬ್ಬಿಸ್ಲಾ ಅಂತ ಕೇಳಿದ. ಎಬ್ಬಿಸಿದ್ರೆ ಕಾಲು ಮುರೀತೀನಿ ಅಂದೆ." ಕಂಬಳಿಯ ತುದಿಯನ್ನು ತಾವೇ ಎಳೆದುಕೊಂಡರು. "ಅವನ ಬೆಂಚು ಕಲ್ಲಿನ ಹಾಗೆ. ಅದರ ಮೇಲೇ ನಾಲ್ಕು ಗಂಟೆ ಮಲಗಿದೋಳಿಗೆ ಇಲ್ಲಿ ಹಾಸಿಗೆ ಇದೆ. ಹೋಗು."

ಒಸ್ಸಿ ಬಂದು ಮೂರು ಸಲ ಕೇಳಿದ: ಖಂಡಿತಾನಾ? ನಿಜವಾಗ್ಲೂ? ಒಬ್ಳೇ? ನಾನು ಉತ್ತರ ಕೊಡುವ ಮೊದಲೇ ರೌನಿ ಪಕ್ಕದ ಸೀಟಿನಿಂದ ಕೈ ಚಾಚಿ ಹಾರನ್ ಒತ್ತಿದರು. ಎದುರು ದಡದವರೆಗೂ ಕೇಳಿಸಿರಬೇಕು. ಹಿಲ್ಲಾ ಮಾತ್ರ ಏಳಲಿಲ್ಲ.

ಕಾರು ಹೋಗಿ ಅರ್ಧ ಗಂಟೆಯಾಯಿತು. ಎರಡು ಕಡೆ ಆಳೆತ್ತರದ ಹಿಮದ ಗೋಡೆ, ನಡುವೆ ರಸ್ತೆ ಹಸನಾಗಿ ತೆರೆದಿದೆ. ಒಲೆಗೆ ಸೌದೆ ಹಾಕಬೇಕಿಲ್ಲ, ಕಲ್ಲು ಇನ್ನೂ ಬಿಸಿಯಿದೆ. ಹಿಂಬಾಗಿಲಿನ ಪಕ್ಕದ ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಟ್ಟು, ಅದರ ಕೆಳಗೇ ಹಾಸಿಗೆ ಎಳೆದುಕೊಂಡಿದ್ದೇನೆ. ಕೈಯಿಂದ ಪೆನ್ನು ಜಾರುತ್ತಿದೆ, ಅಕ್ಷರ ಸಾಲು ಬಿಟ್ಟು ಕೆಳಗಿಳಿಯುತ್ತಿದೆ. ಇರಲಿ. ಹಿಲ್ಲಾ ಎದ್ದರೆ ಕೂಗುತ್ತಾಳೆ. ಅವಳ ಗಂಟಲು ಅಜ್ಜಿಯದು.